ಕಿಟಕಿಯ ಹಿಂದೆ ಮನೆಯೇ ಇಲ್ಲದ ಊರು

ಇಟಲಿ ಪ್ರವಾಸ ಅಂದ್ರೆ ರೋಮ್, ವೆನಿಸ್, ಪೀಸಾ ಗೋಪುರದ ಮುಂದೊಂದು ಫೋಟೊ. ನಮ್ಮ ಪಟ್ಟಿಯೂ ಹಾಗೇ ಇತ್ತು. ಕೊನೆಯಲ್ಲಿ ಒಂದು ದಿನ ಉಳಿದಾಗ ಅಮ್ಮ, "ಗದ್ದಲ ಇಲ್ಲದ ಒಂದೂರಿಗೆ ಕರ್ಕೊಂಡು ಹೋಗೋ" ಅಂದರು. ಹಾಗೆ ಹೊರಟಿದ್ದು ಚೀವಿತಾ ದಿ ಬಾನ್ಯೊರೇಜೊಗೆ.

ರೋಮ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಓರ್ವಿಯೇತೊ, ಅಲ್ಲಿಂದ ಬಸ್ಸಿನಲ್ಲಿ ಬಾನ್ಯೊರೇಜೊ. ಆ ಊರಿನ ಅಂಚಿಗೆ ನಡೆದು ಹೋದರೆ ಎದುರಿಗೆ ಆಳವಾದ ಕಣಿವೆ. ಅದರ ನಡುವೆ ಒಂಟಿ ಬಂಡೆ. ಬಂಡೆಯ ನೆತ್ತಿಯ ಮೇಲೆ ಕಲ್ಲಿನ ಮನೆಗಳು, ಒಂದು ಗಂಟೆಗೋಪುರ. ಅದೇ ಚೀವಿತಾ. ಕಾರು ಹೋಗಲ್ಲ. ಸುಮಾರು 300 ಮೀಟರ್ ಉದ್ದದ ಕಾಲುಸೇತುವೆಯೊಂದೇ ದಾರಿ. 1965ರಲ್ಲಿ ಕಟ್ಟಿದ ಈ ಸೇತುವೆಯ ಕೊನೆಯ ಭಾಗ ಚೆನ್ನಾಗೇ ಏರು. ಅಮ್ಮನ ಮಂಡಿನೋವು ನೆನಪಾಗಿ ನಾನು ಹಿಂದೆಮುಂದೆ ನೋಡಿದೆ. "ಇಲ್ಲಿ ತನಕ ಬಂದು ವಾಪಸ್ ಹೋಗೋದಾ?" ಅಂತ ಅವರೇ ಮುಂದೆ ನಡೆದರು.

ಈ ಊರು ಹುಟ್ಟಿದ್ದು ಸುಮಾರು 2500 ವರ್ಷಗಳ ಹಿಂದೆ. ರೋಮನ್ನರಿಗಿಂತ ಮೊದಲು ಈ ಭಾಗ ಆಳುತ್ತಿದ್ದ ಎಟ್ರುಸ್ಕನ್ನರು ಕಟ್ಟಿದ್ದು. ಎತ್ತರದ ಜಾಗ, ಶತ್ರು ಹತ್ತಿ ಬರುವುದು ಕಷ್ಟ ಅನ್ನೋದು ಅವರ ಲೆಕ್ಕ. ಮೃದುವಾದ ಕಲ್ಲನ್ನು ಕೊರೆದು ಗುಹೆ, ಸುರಂಗ ಮಾಡಿಕೊಂಡಿದ್ದರು. ಮುಂದಿನ ತಲೆಮಾರುಗಳು ಇಂಥ ಗುಹೆಗಳನ್ನೇ ವೈನ್ ಇಡುವ ನೆಲಮಾಳಿಗೆ ಮಾಡಿಕೊಂಡವು. ಹಳೆಯ ಆಲಿವ್ ಗಾಣವೊಂದನ್ನು ಈಗಲೂ ನೋಡಬಹುದು.

ಆದರೆ ಲೆಕ್ಕ ತಪ್ಪಿದ್ದು ಅಡಿಪಾಯದಲ್ಲಿ. ಮೇಲಿರುವುದು ಜ್ವಾಲಾಮುಖಿ ಬೂದಿಯಿಂದಾದ ಕಲ್ಲು. ಅದರ ಕೆಳಗೆ, ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಜೇಡಿಮಣ್ಣು. ಮಳೆ ಮತ್ತು ತೊರೆಗಳು ಆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತವೆ. ಆಸರೆ ತಪ್ಪಿದ ಕಲ್ಲು ಸೀಳಿ ಬೀಳುತ್ತದೆ, ಜೊತೆಗೆ ಮೇಲಿದ್ದ ಮನೆಯೂ. 1695ರ ಭೂಕಂಪದ ನಂತರ ಬಿಷಪ್ಪರ ಪೀಠ ಬಾನ್ಯೊರೇಜೊಗೆ ಹೋಯಿತು, ಜನರೂ ಹಿಂದೆ ಹೋದರು. 'ಸಾಯುತ್ತಿರುವ ಊರು' ಅನ್ನೋ ಹೆಸರು ಅಂಟಿಕೊಂಡಿತು.

ಊರ ಬಾಗಿಲ ಹೆಸರು ಪೋರ್ತಾ ಸಾಂತಾ ಮಾರಿಯಾ. ಒಳಗೆ ಹೋದ ಕೂಡಲೇ ಹಳೇ ಅರಮನೆಯೊಂದರ ಗೋಡೆ. ಚಂದದ ಕಿಟಕಿಗಳು. ಫೋಟೊ ತೆಗೆಯಲು ಫೋನ್ ಎತ್ತಿದವನಿಗೆ ಕಿಟಕಿಯೊಳಗೆ ಕಂಡದ್ದು ನೀಲಿ ಆಕಾಶ. ಗೋಡೆಯ ಹಿಂದೆ ಮನೆಯೇ ಇಲ್ಲ, ಕಣಿವೆಗೆ ಬಿದ್ದುಹೋಗಿದೆ. 13ನೇ ಶತಮಾನದ ಸಂತ ಬೊನವೆಂತೂರಾ ಹುಟ್ಟಿದ್ದು ಇದೇ ಊರಲ್ಲಿ. ಅವರ ಮನೆಗೂ ಇದೇ ಗತಿ.

ಚೌಕದಲ್ಲಿ ಸಾನ್ ದೊನಾತೊ ಚರ್ಚ್ ಇದೆ. ಪಕ್ಕದ ಓಣಿಗಳಲ್ಲಿ ಹೂಕುಂಡಗಳು, ಬಳ್ಳಿಗಳು, ಬೆಕ್ಕುಗಳು. ಭೂಕುಸಿತದ ಬಗ್ಗೆಯೇ ಒಂದು ಮ್ಯೂಸಿಯಂ ಕೂಡ ಇದೆ. ಬಂಡೆಯನ್ನು ಹಿಡಿದು ನಿಲ್ಲಿಸಲು ಎಂಜಿನಿಯರ್‌ಗಳು ಪಡುತ್ತಿರುವ ಪಾಡು ಅಲ್ಲಿ ಅರ್ಥವಾಗುತ್ತದೆ.

ಗದ್ದಲ ಇಲ್ಲದ ಊರು ಅಂದಿದ್ದೆನಲ್ಲ, ಅದು ಸುಳ್ಳಾಯಿತು. ಮಧ್ಯಾಹ್ನದ ಹೊತ್ತಿಗೆ ಸೇತುವೆ ತುಂಬ ಜನ. ವರ್ಷವಿಡೀ ಇಲ್ಲೇ ವಾಸಿಸುವವರು ಹತ್ತಿಪ್ಪತ್ತು ಮಂದಿ ಅಷ್ಟೇ. ನೋಡಲು ಬರುವವರು ಲಕ್ಷಗಟ್ಟಲೆ. 2013ರಲ್ಲಿ ಇಲ್ಲಿನ ಪುರಸಭೆ ಊರೊಳಗೆ ಹೋಗಲು ಟಿಕೆಟ್ ಇಟ್ಟಿತು. ಮೊದಲು ಒಂದೂವರೆ ಯೂರೊ ಇದ್ದದ್ದು ಆಮೇಲೆ 5 ಯೂರೊ ಆಯಿತು. ಆ ಹಣ ಎಷ್ಟು ಕೂಡಿತೆಂದರೆ ಪುರಸಭೆ ತನ್ನ ಜನರ ಸ್ಥಳೀಯ ತೆರಿಗೆಗಳನ್ನೇ ತೆಗೆದುಹಾಕಿತು. ಸಾಯುತ್ತಿದೆ ಅನ್ನೋ ಸುದ್ದಿಯೇ ಊರಿಗೆ ಅನ್ನ ಹಾಕುತ್ತಿದೆ!

ಸಂಜೆ ಐದರ ಮೇಲೆ ಗುಂಪುಗಳು ಕರಗಿದವು. ಅಂಗಡಿಗಳು ಬಾಗಿಲು ಹಾಕಿದವು. ಚೌಕದಲ್ಲಿ ನಮ್ಮ ಹೆಜ್ಜೆ ಸದ್ದು ನಮಗೇ ಕೇಳುವಷ್ಟು ಮೌನ. ಒಬ್ಬ ಅಜ್ಜಿ ಬಾಗಿಲಿಗೆ ಬಂದು ಕುಂಡಗಳಿಗೆ ನೀರು ಹಾಕತೊಡಗಿದರು. ನಮ್ಮತ್ತ ನೋಡಿ ತಲೆಯಾಡಿಸಿದರು. ಅಮ್ಮ ಕೈಮುಗಿದರು. ಭಾಷೆ ಬರದ ಇಬ್ಬರೂ ನಕ್ಕರು.

"ನೆಲ ನಿಲ್ಲಲ್ಲ ಅಂತ ಗೊತ್ತಿದ್ದೂ ಹೂವಿನ ಗಿಡ ಬೆಳೆಸ್ತಾರಲ್ಲ" ಅಂದರು ಅಮ್ಮ, ಸೇತುವೆ ಇಳಿಯುವಾಗ. "ಊರು ಉಳಿಯೋದು ಟಿಕೆಟ್ಟಿಂದಲ್ಲ, ಸಂಜೆ ದೀಪ ಹಚ್ಚೋರು ಇರಬೇಕು."

ನನಗೂ ಹಾಗೇ ಅನ್ನಿಸಿತು. ಬಂಡೆಗೆ ಉಕ್ಕಿನ ಸರಳು ಹಾಕಿ ಹಿಡಿಯಬಹುದು. ಜನರನ್ನು ಹಾಗೆ ಹಿಡಿದಿಡಲು ಆಗಲ್ಲ. ಹಿಂತಿರುಗಿ ನೋಡಿದೆ. ಅಷ್ಟು ದೊಡ್ಡ ಬಂಡೆಯ ಮೇಲೆ ಮೂರು ಕಿಟಕಿಗಳಲ್ಲಿ ಮಾತ್ರ ಬೆಳಕಿತ್ತು.

ನೀವು ಹೋಗುವುದಾದರೆ ಒಂದೇ ಮಾತು: ಬೆಳಗ್ಗೆ ಬೇಗ ಹೋಗಿ, ಇಲ್ಲಾಂದ್ರೆ ಸಂಜೆ ತನಕ ಇರಿ. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ. ಒಳ್ಳೆ ಶೂ ಹಾಕಿಕೊಳ್ಳಿ. ಕಿಟಕಿಗೆ ಫೋನ್ ಹಿಡಿಯುವ ಮೊದಲು ಅದರ ಹಿಂದೆ ಯಾರಾದರೂ ಇದ್ದಾರಾ ಅಂತ ಒಮ್ಮೆ ನೋಡಿ.