ಮೊಟ್ಟೆಯೊಳಗಿನ ಮೂವತ್ತಮೂರನೆಯ ತಾಸು

ಫೋರ್ಟಿನಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಆ ಕಲ್ಲಿನ ಭವನವನ್ನು ಕಾಣದವರು ವಿರಳ. ಮೇಡಂ ಕಾಮಾ ರಸ್ತೆಯಲ್ಲಿ, ವಸ್ತುಸಂಗ್ರಹಾಲಯದಿಂದ ಕೂಗಳತೆಯ ದೂರದಲ್ಲಿರುವ ವಿಜ್ಞಾನ ಸಂಸ್ಥೆ ಅದು. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದ ಜಾರ್ಜ್ ವಿಟೆಟ್ ಅವರೇ ಇದರ ಶಿಲ್ಪಿ. 1911ರಲ್ಲಿ ಅಡಿಗಲ್ಲು ಬಿದ್ದು 1920ರಲ್ಲಿ ಕಟ್ಟಡ ಪೂರ್ಣವಾಯಿತು. ಸರ್ ಕಾವಸಜಿ ಜಹಾಂಗೀರ್, ಸರ್ ಜೇಕಬ್ ಸಸೂನ್ ಮೊದಲಾದ ನಗರದ ಸಿರಿವಂತರು ಹಣವನ್ನಿತ್ತರು. 2019ರಿಂದ ಅದು ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯದ ಅಂಗವಾಗಿದೆ. ಅದರ ಗೋಡೆಗಳ ಒಳಗೆ ಏನು ನಡೆಯುತ್ತದೆಂದು ನಾವೂ ಬಹುಕಾಲ ವಿಚಾರಿಸಿದವರಲ್ಲ. ವಿಚಾರಿಸುವಂತೆ ಮಾಡಿದವನು ಹೋಟೆಲೊಂದರಲ್ಲಿ ದುಡಿಯುವ ಇಪ್ಪತ್ತರ ತರುಣ.

ಊರಿನಲ್ಲಿರುವ ಅವನ ತಾಯಿಯ ಎದೆಯಲ್ಲಿ ಗಂಟೊಂದು ಕಾಣಿಸಿತ್ತು. ವೈದ್ಯರು ಅದರ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬರಲು ವಾರವೇ ಹಿಡಿಯಿತು. ಗಂಟು ಅಪಾಯದ್ದಲ್ಲವೆಂದು ತಿಳಿದು ಮನೆಯವರ ಜೀವ ಬಂದಂತಾಯಿತು. ಆದರೆ ತರುಣನ ತಲೆಯಲ್ಲಿ ಪ್ರಶ್ನೆಯೊಂದು ಉಳಿಯಿತು: "ಸಾರ್, ಆ ಒಂದು ವಾರ ಅಮ್ಮನ ಆ ಚೂರನ್ನು ಅವರು ಏನು ಮಾಡಿದರು? ಅದನ್ನು ನೋಡುವ ವಿದ್ಯೆಯನ್ನು ನನ್ನಂಥವನು ಕಲಿಯಬಹುದೇ?"

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಯು ಅಂಗಾಂಶಶಾಸ್ತ್ರವೆಂಬ ಹೆಸರಿನಲ್ಲಿ ಕಲಿಯುವುದೂ ಇದನ್ನೇ. ಹಸಿಯ ಮಾಂಸವನ್ನು ತೆಳ್ಳಗೆ ಕೊಯ್ಯಹೋದರೆ ಅರೆಬೆಂದ ಇಡ್ಲಿಯನ್ನು ಕತ್ತರಿಸಿದ ಹಾಗಾದೀತು. ಆದಕಾರಣ ಅದನ್ನು ಮೊದಲು ಫಾರ್ಮಲಿನ್‌ನಂತಹ ದ್ರಾವಣದಲ್ಲಿಟ್ಟು ಕೊಳೆಯದಂತೆ, ಕದಲದಂತೆ ಸ್ಥಿರಗೊಳಿಸಬೇಕು. ಬಳಿಕ ಅದರೊಳಗಿನ ನೀರನ್ನು ಹೊರಡಿಸಬೇಕು. ಒಮ್ಮೆಲೇ ಹೊರಡಿಸಿದರೆ ಚೂರು ಮುದುಡಿಕೊಳ್ಳುತ್ತದೆ. ಎಪ್ಪತ್ತು, ತೊಂಬತ್ತು, ನೂರು ಎಂದು ಮೆಟ್ಟಿಲು ಮೆಟ್ಟಿಲಾಗಿ ಆಲ್ಕೊಹಾಲಿನ ಪ್ರಮಾಣವನ್ನು ಏರಿಸುತ್ತ ಹೋಗಬೇಕು. ಆಮೇಲೆ ಝೈಲೀನ್, ಕೊನೆಗೆ ಸುಮಾರು 60 ಡಿಗ್ರಿ ಶಾಖದಲ್ಲಿ ಕರಗಿದ ಮೇಣ. ನೀರಿದ್ದ ಎಡೆಯಲ್ಲೆಲ್ಲ ಮೇಣ ತುಂಬಿಕೊಂಡು ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದ ಅಲಗಿಗೆ ಅದನ್ನು ಒಡ್ಡುತ್ತಾರೆ. ಅದು ಸೀಳುವ ಹಾಳೆಯ ದಪ್ಪ ಐದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು!

ಈ ಹಾಳೆಯನ್ನು ಗಾಜಿಗೆ ಅಂಟಿಸಲು ಹಳೆಯ ಪ್ರಯೋಗಶಾಲೆಗಳು ನೆಚ್ಚಿದ ಗೋಂದು ಯಾವುದು ಬಲ್ಲಿರಾ? ಮೊಟ್ಟೆಯ ಬಿಳಿ ಲೋಳೆಗೆ ಗ್ಲಿಸರಿನ್ ಬೆರೆಸಿದ್ದು. ಅಂಟಿಸಿ, ಮೇಣವನ್ನು ತೆಗೆದ ಮೇಲೆ ಎರಡು ಬಣ್ಣ. ಮಧ್ಯ ಅಮೇರಿಕದ ಮರವೊಂದರಿಂದ ದೊರಕುವ ಹೆಮಟಾಕ್ಸಿಲಿನ್ ಜೀವಕೋಶಗಳ ನಡುಬೀಜವನ್ನು ನೀಲಿಯಾಗಿಸುತ್ತದೆ; ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿಯನ್ನು ಹಚ್ಚುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಸಾಲು ತಪ್ಪದೆ ನಿಂತ ಕೋಶ ಯಾವುದು, ಸಾಲು ಮುರಿದು ನುಗ್ಗುತ್ತಿರುವ ಕೋಶ ಯಾವುದು ಎಂಬುದು ಬಲ್ಲವರ ಕಣ್ಣಿಗೆ ತಿಳಿಯುತ್ತದೆ. ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಶಾಲೆಗಳನ್ನು ಕಟ್ಟಿ ಬೆಳೆಸಿದ ಡಾ. ವಿ. ಆರ್. ಖಾನೋಲ್ಕರ್ ಇಂತಹ ಬಲ್ಲವರಲ್ಲಿ ಅಗ್ರಗಣ್ಯರು. ಅವರೇ 1960ರಿಂದ 1963ರವರೆಗೆ ಇದೇ ಫೋರ್ಟಿನಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು.

ಅಂಗಾಂಶಗಳು ಹೇಗಿವೆಯೆಂದು ತಿಳಿದವನಿಗೆ ಅವು ಎಲ್ಲಿಂದ ಬಂದವೆಂಬ ಕುತೂಹಲ ಹುಟ್ಟದಿರದು. ಅದಕ್ಕೆ ಉತ್ತರಿಸುವುದು ಭ್ರೂಣಶಾಸ್ತ್ರ. ಅದರ ಪಠ್ಯಪುಸ್ತಕವೇ ಕೋಳಿಮೊಟ್ಟೆ. ನಮ್ಮ ಉಡುಪಿ ಹೋಟೆಲುಗಳ ಅಡುಗೆಮನೆಗೆ ಅದು ಕಾಲಿಡದು. ಆದರೆ ಎದುರಿನ ಇರಾನಿಯ ಗಲ್ಲೆಯ ಮೇಲೆ ರಾಶಿಯಾಗಿರುವುದನ್ನು ದಿನವೂ ಕಾಣುತ್ತೇವೆ. ಅಂಗಡಿಯ ಮೊಟ್ಟೆಗಳು ಬಹುಮಟ್ಟಿಗೆ ಹುಂಜದ ಸಂಗವಿಲ್ಲದವು, ಅವುಗಳಿಂದ ಮರಿಯಾಗದು. ಮರಿಯಾಗುವ ಮೊಟ್ಟೆಯ ಅರಿಶಿನದ ಮೇಲೆ ಒಂದು ಬಿಳಿ ಚುಕ್ಕೆಯಿರುತ್ತದೆ. ಸುಮಾರು 38 ಡಿಗ್ರಿ ಶಾಖದಲ್ಲಿಟ್ಟರೆ ಇಪ್ಪತ್ತೊಂದು ದಿನಗಳಲ್ಲಿ ಆ ಚುಕ್ಕೆಯೇ ಮರಿ. ಇಪ್ಪತ್ತನಾಲ್ಕು ತಾಸಿಗೆ ಬೆನ್ನಿನ ಉದ್ದಕ್ಕೂ ಮಡಿಕೆಯೆದ್ದು ಮೆದುಳಿಗೂ ಬೆನ್ನುಹುರಿಗೂ ತಳಹದಿ ಬೀಳುತ್ತದೆ. ಮೂವತ್ತಮೂರನೆಯ ತಾಸಿನ ಆಸುಪಾಸಿನಲ್ಲಿ, ರಕ್ತ ಇನ್ನೂ ಹರಿಯತೊಡಗುವ ಮುನ್ನವೇ, ಹೃದಯದ ಕೊಳವೆ ತಾನಾಗಿ ಮಿಡಿಯಲಾರಂಭಿಸುತ್ತದೆ. ನಮ್ಮ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಬೆರಗಿನ ಗಳಿಗೆ ಬೇರೊಂದಿಲ್ಲ. ಮೂರನೆಯ ದಿನ ರೆಕ್ಕೆಕಾಲುಗಳ ಮೊಗ್ಗು ಕಾಣುತ್ತದೆ.

ಕೋಶಗಳಿಗೆ ಬೆನ್ನಾಗು, ಮೆದುಳಾಗು ಎಂದು ಆಜ್ಞೆ ಕೊಡುವವರಾರು? ಜರ್ಮನಿಯಲ್ಲಿ ಹಿಲ್ಡೆ ಮಾಂಗೋಲ್ಡ್ ಎಂಬ ತರುಣಿ, ಗುರು ಹಾನ್ಸ್ ಸ್ಪೇಮನ್ನರ ಮಾರ್ಗದರ್ಶನದಲ್ಲಿ, ಕಪ್ಪೆಯ ಬಳಗದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದಿಂದ ಒಂದು ಕಣದಷ್ಟು ಅಂಗಾಂಶವನ್ನು ತೆಗೆದು ಮತ್ತೊಂದು ಭ್ರೂಣದಲ್ಲಿ ನೆಟ್ಟಳು. ನೆಟ್ಟಲ್ಲಿ ಎರಡನೆಯದೊಂದು ಶರೀರವೇ ಏಳತೊಡಗಿತು. ಆ ಕಣವು ನೆರೆಯ ಕೋಶಗಳನ್ನು ಕರೆದು ಕೆಲಸಕ್ಕೆ ಹಚ್ಚಿತ್ತು. ಪ್ರಬಂಧ ಪ್ರಕಟವಾದದ್ದು 1924ರಲ್ಲಿ. ಅದೇ ವರ್ಷ ಅಡುಗೆಮನೆಯ ಒಲೆಯ ಬೆಂಕಿ ತಗಲಿ ಆಕೆ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲೇ ತೀರಿಕೊಂಡಳು. 1935ರಲ್ಲಿ ನೊಬೆಲ್ ಪಾರಿತೋಷಕ ಗುರುವಿಗೆ ಸಂದಿತು. ಒಲೆಯ ಮುಂದೆ ಬದುಕು ಸವೆಸುವ ನಮ್ಮ ಓದುಗರಿಗೆ ಈ ಸಂಗತಿಯ ಬಿಸಿ ಬೇರೆಯಾಗಿಯೇ ತಟ್ಟೀತು.

ಇನ್ನು ತರುಣನ ಎರಡನೆಯ ಪ್ರಶ್ನೆ. ಇದಕ್ಕೆ ನಾವು ತಡವರಿಸಿದೆವು. ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಈ ನಗರದಲ್ಲಿ ಸಾವಿರಾರು. 1946ರಲ್ಲಿ ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು ದುಡಿಯುವವರಿಗಾಗಿ ಬೆಳಗಿನ ತರಗತಿಗಳನ್ನು ನಡೆಸಿತು. ಆದರೆ ನಮ್ಮವರು ಹೆಚ್ಚಾಗಿ ಹಿಡಿದದ್ದು ವಾಣಿಜ್ಯದ ದಾರಿ. ಲೆಕ್ಕದ ಪುಸ್ತಕವನ್ನು ಕಚೇರಿಯ ಬಿಡುವಿನಲ್ಲಿ ತೆರೆಯಬಹುದು. ಮೈಕ್ರೋಟೋಮನ್ನು ಚಾಳಿನ ಕೋಣೆಗೆ ತರಲಾಗದು. ಈ ವಿದ್ಯೆಯನ್ನು ಪ್ರಯೋಗಶಾಲೆಯ ಮೇಜಿನ ಮುಂದೆ ತಾಸುಗಟ್ಟಲೆ ನಿಂತೇ ಕಲಿಯಬೇಕು, ಮತ್ತು ಆ ತಾಸುಗಳು ಹಗಲಿನವು. ಹೋಟೆಲಿನವನ ಹಗಲು ಅವನದಲ್ಲ.

ಬುದ್ಧಿಯ ಕೊರತೆ ನಮಗೆ ಕಾಣಲಿಲ್ಲ. ಹಿಟ್ಟಿನ ಹದವನ್ನು ಬೆರಳಿನಿಂದಲೇ ಅರಿಯುವ, ಕಾವಲಿಯ ಕಾವನ್ನು ನೀರಹನಿಯಿಂದ ಅಳೆಯುವ ಕೈಗೆ ಮೇಣದ ಶಾಖವೂ ಅಲಗಿನ ಹದವೂ ಒಗ್ಗದ ವಿಷಯಗಳಲ್ಲ. ಬೇಕಾದುದು ಹನ್ನೊಂದು-ಹನ್ನೆರಡನೆಯ ತರಗತಿಯ ವಿಜ್ಞಾನ, ಆಮೇಲೆ ಪದವಿಯ ವರ್ಷಗಳು, ಅಷ್ಟೂ ಕಾಲ ಹಗಲಿನ ಬಿಡುವು.

ಫೋರ್ಟಿನ ಹೋಟೆಲು ಮಾಲೀಕರಲ್ಲಿ ನಮ್ಮದೊಂದು ಬಿನ್ನಹವುಂಟು. ಓದುವ ಹುಡುಗನಿದ್ದರೆ ಅವನಿಗೆ ಸಂಜೆಯ ಪಾಳಿಯನ್ನು ಕೊಡಿರಿ. ನಮ್ಮ ತರುಣನು ತನ್ನ ಧನಿಗಳನ್ನು ಇದನ್ನೇ ಕೇಳಿದ್ದಾನೆ. "ಜೂನ್ ಬರಲಿ, ನೋಡೋಣ" ಎಂದಿದ್ದಾರಂತೆ.