ಶಾಲೆಯ ನೆರೆಯಲ್ಲಿರುವ ಪಾಠಗಳು

ಶಾಲಾ ಪ್ರವಾಸವೆಂದರೆ ದೂರದ ಊರು, ಬಾಡಿಗೆಯ ಬಸ್ಸು, ತಲೆಗೆ ಇಷ್ಟೆಂದು ವಂತಿಗೆ ಎಂಬ ರೂಢಿ ಬಿದ್ದಿದೆ. ವಂತಿಗೆ ಕೊಡಲಾರದ ಮನೆಯ ಮಗು ಅಂದು ಹಿಂದೆ ಉಳಿಯುತ್ತದೆ. ಹೋಗಿಬಂದ ಮಕ್ಕಳಾದರೂ, ತಮ್ಮೂರ ಮಗ್ಗುಲಲ್ಲಿ ಏನಿದೆ ಎಂದು ಕೇಳಿದರೆ ಸುಮ್ಮನಾಗುವುದುಂಟು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವಿದ್ಯೆಯ ವಿಷಯದಲ್ಲಿ ನಿಜವಾಗಬಾರದು.

ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯನ್ನೇ ನೋಡೋಣ. ಇಲ್ಲಿಯ ಶಾಲೆಯ ಮಕ್ಕಳಿಗೆ ಮಲಪ್ರಭೆ ನಡೆದುಹೋಗುವಷ್ಟು ಹತ್ತಿರ. ಆ ಹೊಳೆಯ ಪಾತ್ರದಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಆಕೆ ಇಲ್ಲಿಯೇ ಐಕ್ಯಳಾದಳೆಂಬುದು ಪರಂಪರೆಯಿಂದ ಬಂದ ಮಾತು. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳಿರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನವರು ಐಕ್ಯರಾದದ್ದು ಅಲ್ಲಿಯೇ. ಗಂಗಾಂಬಿಕೆಯ ವಚನಗಳ ಅಂಕಿತದಲ್ಲಿಯೂ ಕೂಡಲಸಂಗದ ಹೆಸರು ಉಂಟು. ಒಂದು ದಂಡೆಯ ಮೇಲೆ ನಿಂತು ಭೂಗೋಲ, ಇತಿಹಾಸ, ಸಾಹಿತ್ಯ ಮೂರನ್ನೂ ಕಲಿತಂತಾಯಿತು.

ಹೆದ್ದಾರಿ ಹಿಡಿದು ಧಾರವಾಡದ ಕಡೆ ಸಾಗಿದರೆ ಕಿತ್ತೂರು. 1824ರ ಅಕ್ಟೋಬರ 23ರಂದು ಚೆನ್ನಮ್ಮ ರಾಣಿಯ ಸೈನ್ಯ ಕಂಪನಿಯ ದಂಡನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಮಡಿದ. ಹಾಳುಬಿದ್ದ ಅರಮನೆಯಲ್ಲಿ ಧ್ರುವನಕ್ಷತ್ರವನ್ನು ನೋಡುವ ಕಿಂಡಿಯೊಂದಿದೆ. ಉತ್ತರ ದಿಕ್ಕು ಯಾವುದೆಂದು ಅದು ಮಕ್ಕಳಿಗೆ ಮರೆಯದಂತೆ ಹೇಳಿಕೊಡುತ್ತದೆ. ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಶಿಲ್ಪ, ಶಾಸನ, ಆಯುಧಗಳನ್ನು ಕಾಣಬಹುದು.

ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಕಮಲನಾರಾಯಣ ದೇವಾಲಯವಿದೆ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿಯಿದು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ಆಕೆ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಅದೇ ಸೀಮೆಯ ಸಂಗೊಳ್ಳಿ ರಾಯಣ್ಣನ ಊರು. ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹೀಗೆ ಮೂವರು ಹೆಂಗಸರ ಕಥೆ, ಒಬ್ಬ ವೀರನ ಕಥೆ ಒಂದೇ ಸೀಮೆಯಲ್ಲಿ ದೊರೆಯುತ್ತವೆ.

ಇವನ್ನೆಲ್ಲ ಒಂದೇ ದಿನ ತೋರಿಸುವ ಅವಸರ ಬೇಡ. ಒಂದು ಸಲಕ್ಕೆ ಒಂದೇ ಸ್ಥಳ ಸಾಕು. ಹೊರಡುವ ಮುನ್ನ ಗುರುಗಳು ಒಂದೇ ಪ್ರಶ್ನೆ ಕೊಡಲಿ: ಇದನ್ನು ಕಟ್ಟಿದವರು ಯಾರು, ಯಾತಕ್ಕಾಗಿ ಕಟ್ಟಿದರು? ಉತ್ತರವನ್ನು ಮಗು ಮನೆಯ ಹಿರಿಯರ ಬಾಯಿಂದಲೂ ಕೇಳಿ ಬರೆದು ತರಲಿ. ಹಿರಿಯರು ಬಲ್ಲ ಎಷ್ಟೋ ಸಂಗತಿಗಳು ಯಾವ ಪುಸ್ತಕದಲ್ಲಿಯೂ ಇಲ್ಲ, ಅವರಿರುವಾಗಲೇ ಕೇಳಬೇಕು. ನಡೆದು ಹೋಗುವ ಪ್ರವಾಸಕ್ಕೆ ವಂತಿಗೆಯಿಲ್ಲ, ಹಿಂದುಳಿಯುವ ಮಗುವೂ ಇಲ್ಲ.