ಪರದೆಯ ಪಹಣಿ ಮತ್ತು ಯಂತ್ರಪರೀಕ್ಷೆಯ ಕ್ರಮ

ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯ ತೀರದಲ್ಲಿರುವ ಮುತ್ತತ್ತಿಯ ಹೆಸರನ್ನು ಜನರು ಎರಡು ಬಗೆಯಾಗಿ ಹೇಳುವರು. ಸೀತೆಯ ಮುತ್ತಿನ ಮೂಗುತಿಯು ಹೊಳೆಗೆ ಬೀಳಲು ಆಂಜನೇಯನು ಅದನ್ನು ಎತ್ತಿಕೊಟ್ಟನೆಂಬುದು ಸ್ಥಳಪುರಾಣ. ಅಲ್ಲಿಯ ದೇವರು ಮುತ್ತೆತ್ತಿರಾಯ. ಅದನ್ನನುಸರಿಸಿ ಊರನ್ನು ಮುತ್ತೆತ್ತಿಯೆಂದು ಬರೆಯುವವರೂ ಉಂಟು. ಓದುವವರಿಗೆ ಎರಡೂ ಒಂದೇ ಊರು, ಗಣಕಯಂತ್ರಕ್ಕೆ ಎರಡು. ಭೂದಾಖಲೆಗಳು ಶಾನುಭೋಗರ ಕಡತವನ್ನು ಬಿಟ್ಟು ಪರದೆಗೆ ಬಂದ ಮೇಲೆ ಇಂಥ ಅಲ್ಪ ಭೇದಗಳು ರೈತರ ಹಕ್ಕನ್ನೇ ಮುಟ್ಟುತ್ತವೆ.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2000ದ ಸುಮಾರಿಗೆ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಆ ತಂತ್ರಾಂಶದ ಒಳವಿಚಾರಣೆಯು ಈ ಲೇಖನದ ವಿಷಯವಲ್ಲ. ಅಂಥ ಪರದೆಯೊಂದನ್ನು ಯಂತ್ರದಿಂದಲೇ ಪರೀಕ್ಷಿಸುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುವುದಷ್ಟೇ ನಮ್ಮ ಉದ್ದೇಶ.

ಮುತ್ತತ್ತಿಯಲ್ಲಿ 3 ಎಕರೆ 10 ಗುಂಟೆ ಜಮೀನು, ತಂದೆ ತೀರಿಕೊಂಡಿದ್ದಾನೆ, ಮಗಳು ಕಾವೇರಮ್ಮ ಮತ್ತು ಆಕೆಯ ಅಣ್ಣ ಸಮಪಾಲು ಮಾಡಿಕೊಂಡು ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳೋಣ. ನಿಜವಾದ ದಾಖಲೆಗಳನ್ನು ಮುಟ್ಟದೆ, ಪರೀಕ್ಷೆಗೆಂದೇ ಬೇರೆಯಾಗಿ ಈ ಜಮೀನಿನ ದಾಖಲೆಯನ್ನು ಸೃಷ್ಟಿಸುವುದು ಮೊದಲ ಕೆಲಸ. ಬಳಿಕ ಯಂತ್ರವು ಪರದೆಯ ಗುಂಡಿ, ಪಟ್ಟಿ, ಬರೆಯುವ ಚೌಕಗಳನ್ನು ಗುರುತಿಸಬೇಕು. ಪರದೆಯಲ್ಲಿ ಅವುಗಳಿರುವ ಸ್ಥಾನವನ್ನೇ ನಂಬಿದರೆ, ಗುಂಡಿಯು ಸ್ವಲ್ಪ ಸರಿದರೂ ಪರೀಕ್ಷೆ ಕೆಡುವುದು. 2004ರಲ್ಲಿ ಷಿಕಾಗೋ ನಗರದಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ ಸೆಲೆನಿಯಂ ಮುಂತಾದ ಸಾಧನಗಳು ಆ ಅಂಗಗಳನ್ನು ಅವುಗಳ ಹೆಸರಿನಿಂದಲೇ ಹುಡುಕಬಲ್ಲವು. ಹಳ್ಳಿಯಲ್ಲಿ ನಾವು ‘ಬಲಗಡೆಯ ಮೂರನೆಯ ಮನೆ’ ಎನ್ನದೆ ಯಜಮಾನರ ಹೆಸರು ಹೇಳಿ ಮನೆಯನ್ನು ಕೇಳುವಂತೆಯೇ ಇದು. ಅನಂತರ ಯಂತ್ರವು ಊರನ್ನು ಆರಿಸಿ, ಹೆಸರುಗಳನ್ನು ತುಂಬಿ, ಗುಂಡಿ ಒತ್ತಿ, ಉತ್ತರವು ಪರದೆಗೆ ಬರುವವರೆಗೆ ಕಾಯುತ್ತದೆ.

ಇಷ್ಟೂ ಸುಲಭ. ಬಂದ ಉತ್ತರವನ್ನು ಯಾವುದರೊಡನೆ ಹೋಲಿಸಬೇಕೆಂಬುದೇ ಕಷ್ಟ. ತಂತ್ರಾಂಶವನ್ನು ಒಮ್ಮೆ ನಡೆಸಿ, ಅದು ಕೊಟ್ಟ ಉತ್ತರವನ್ನೇ ಪ್ರಮಾಣವೆಂದು ಕಾದಿಟ್ಟು, ಮುಂದೆ ಪ್ರತಿಸಲವೂ ಅದರೊಡನೆ ತಾಳೆ ನೋಡುವ ರೂಢಿಯುಂಟು. ನಕಲನ್ನು ಅದರ ಮರುನಕಲಿನೊಡನೆ ಹೋಲಿಸಿ ಶಾಸನಪಾಠವು ಶುದ್ಧವೆನ್ನುವ ವಿದ್ಯಾರ್ಥಿಗೆ ನಾವು ಅಂಕ ಕೊಡುವೆವೆ? ತಂತ್ರಾಂಶವು 3.10 ಎಂಬುದನ್ನು ದಶಮಾಂಶವೆಂದು ಭಾವಿಸಿ ಎರಡರಿಂದ ಭಾಗಿಸಿತೆನ್ನಿ. ಕಾವೇರಮ್ಮನ ಪಾಲು 1 ಎಕರೆ 55 ಗುಂಟೆ ಎಂದು ಮೂಡುತ್ತದೆ. ಎಕರೆಗೆ 40 ಗುಂಟೆಯೆಂದು ಬಲ್ಲವರು ನಗುವರು. ಮೇಲಿನ ರೂಢಿಯ ಪರೀಕ್ಷೆಯಾದರೋ ಪ್ರತಿದಿನವೂ ಅದನ್ನು ಸರಿಯೆಂದೇ ಸಾರುವುದು. ಒಟ್ಟು 130 ಗುಂಟೆ, ಅರ್ಧ 65, ಅಂದರೆ 1 ಎಕರೆ 25 ಗುಂಟೆ ಎಂಬ ಲೆಕ್ಕವನ್ನು ಪರೀಕ್ಷಕನು ತಂತ್ರಾಂಶದ ಹೊರಗೆ, ಕಾಗದದ ಮೇಲೆ ಮಾಡಿಟ್ಟಿರಬೇಕು. ಆಕ್ಷೇಪಣೆಗೆ 30 ದಿನಗಳ ಅವಧಿಯಿದ್ದರೆ, 29ನೆಯ ದಿನ ಮಂಜೂರಾತಿಯ ಗುಂಡಿ ಕೆಲಸ ಮಾಡಕೂಡದೆಂಬುದನ್ನೂ ನಿಯಮದಿಂದಲೇ ತೆಗೆದುಕೊಳ್ಳಬೇಕು.

ಅಕ್ಷರದ ತೊಡಕು ಬೇರೆ ಇದೆ. ಯೂನಿಕೋಡ್ ಸಂಕೇತದಲ್ಲಿ ‘ಕಾವೇರಮ್ಮ’ ಎಂಬಲ್ಲಿನ ಏತ್ವವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಭೇದವಿಲ್ಲ, ಯಂತ್ರವು ಹೆಸರು ತಪ್ಪೆಂದು ವರದಿ ಮಾಡುತ್ತದೆ. ಆದುದರಿಂದ ಹೋಲಿಸುವ ಮುನ್ನ ಎರಡನ್ನೂ ಏಕರೂಪಕ್ಕೆ ತರಬೇಕು. ಮುತ್ತತ್ತಿ–ಮುತ್ತೆತ್ತಿಗಳ ಮಾತು ಹಾಗಲ್ಲ. ಅವೆರಡೂ ಒಂದೇ ಊರೆಂಬುದು ಅಕ್ಷರಸಂಕೇತದಿಂದ ತಿಳಿಯದು. ಊರನ್ನು ಬಲ್ಲವರೊಬ್ಬರು ಪಟ್ಟಿಯಲ್ಲಿ ಬರೆದುಕೊಡಬೇಕು.

ಪರೀಕ್ಷೆಯು ಸೋತಾಗ ಆ ಕ್ಷಣದ ಪರದೆಯ ಚಿತ್ರವನ್ನೂ ನಡೆದ ಹೆಜ್ಜೆಗಳನ್ನೂ ಯಂತ್ರವು ಉಳಿಸಿಡುತ್ತದೆ. ಗೆಲ್ಲುವವರೆಗೆ ಮತ್ತೆ ಮತ್ತೆ ನಡೆಸಿ, ಗೆದ್ದುದನ್ನು ಮಾತ್ರ ವರದಿ ಮಾಡುವುದು ನಮ್ಮ ದೃಷ್ಟಿಯಲ್ಲಿ ಅಪ್ರಾಮಾಣಿಕತೆ. ಕೊನೆಗೆ ಕಲ್ಪಿತ ದಾಖಲೆಯನ್ನು ಮೊದಲಿನ ಸ್ಥಿತಿಗೆ ತರಬೇಕು. ಮರೆತರೆ ಮರುದಿನದ ಪರೀಕ್ಷೆಯು ಈಗಾಗಲೇ ಪಾಲಾಗಿರುವ ಜಮೀನನ್ನು ಇನ್ನೊಮ್ಮೆ ಪಾಲುಮಾಡಲು ಹೊರಡುತ್ತದೆ.